ಫಾರ್ಮಿನಲ್ಲಿ ನಾನು ಬರೆಯದ ಪದ

“ನೀವು ಈ ಮಗುವಿಗೆ ಏನಾಗಬೇಕು?”

ನಮ್ಮ ತುಮಕೂರಿನಲ್ಲಿ ಇದು ಬಸ್ಸಿನಲ್ಲಿ ಪಕ್ಕ ಕೂತವರು ಹೊತ್ತು ಹೋಗದೆ ಕೇಳುವ ಪ್ರಶ್ನೆ. ಜರ್ಮನಿಯ ಸಿಂಡೆಲ್‌ಫಿಂಗೆನ್‌ನ ಹೋರ್ಟ್‌ನಲ್ಲಿ, ಅಂದರೆ ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ಜಾಗದಲ್ಲಿ, ಉತ್ತರ ತಪ್ಪಿದರೆ ಮಗುವನ್ನೇ ಕೊಡುವುದಿಲ್ಲ. ನಾನು ತಪ್ಪು ಉತ್ತರವನ್ನು ಬರೆದೇ ಕೊಟ್ಟಿದ್ದೆ.

ಮಾನ್ಸಿ ನನ್ನ ಗಂಡನ ಮೊದಲ ಹೆಂಡತಿಯ ಮಗಳು. ತಾಯಿ ತೀರಿಕೊಂಡಾಗ ಮೂರು ವರ್ಷ, ಈಗ ಎಂಟು. ನಮ್ಮ ಕಡೆಯ ರೂಢಿಯಂತೆ ನನ್ನನ್ನು ಚಿಕ್ಕಮ್ಮ ಎನ್ನುತ್ತಾಳೆ. ಹೋರ್ಟ್‌ನ ಫಾರ್ಮಿನಲ್ಲಿ ಮಲತಾಯಿ ಎಂಬರ್ಥದ ‘ಸ್ಟೀಫ್‌ಮುಟ್ಟರ್’ ಬರೆಯಲು ನನಗೆ ಕೈ ಬರಲಿಲ್ಲ. ನಮ್ಮ ‘ಮಲ’ ಎಲ್ಲಿಂದ ಬಂತೋ ಪಂಡಿತರು ಹೇಳಲಿ, ಕಿವಿಗಂತೂ ಅದು ಕೊಳೆಯೇ. ಚಿಕ್ಕಮ್ಮ ತಾನೇ ಎಂದು, ಅಪ್ಪ ಅಮ್ಮನ ಅಕ್ಕತಂಗಿಯರಿಗೆ ಅಲ್ಲಿ ಹೇಳುವ ‘ಟಾಂಟೆ’ ಬರೆದೆ. ಯಾರಾದರೂ ಕೇಳಿದರೆ ಹಾಗೇ ಹೇಳು ಎಂದು ಮಗುವಿಗೂ ಹೇಳಿಕೊಟ್ಟೆ.

ದಿನವೂ ಕರೆತರುತ್ತಿದ್ದವರು ಅವಳಪ್ಪ. ಅವತ್ತು ಅವರು ಬೆಂಗಳೂರಿನ ವಿಮಾನದಲ್ಲಿದ್ದರು, ಫೋನ್ ಸ್ವಿಚ್ ಆಫ್. ಮೇಲ್ವಿಚಾರಕಿ ಎರಡು ಕಾಗದ ಹಿಡಿದು ನಿಂತರು. ಒಂದರಲ್ಲಿ ನಾನು ಟಾಂಟೆ, ಅವಳಪ್ಪ ತುಂಬಿದ್ದ ಇನ್ನೊಂದರಲ್ಲಿ ಅವರ ಹೆಂಡತಿ. ಐದಕ್ಕೆ ಬಾಗಿಲು ಮುಚ್ಚಬೇಕು. ಅಷ್ಟರಲ್ಲಿ ಅನುಮಾನ ತೀರದಿದ್ದರೆ ಮಕ್ಕಳ ರಕ್ಷಣೆಯ ಕಚೇರಿ ಯೂಗೆಂಡ್‌ಆಮ್ಟ್‌ಗೆ ತಿಳಿಸುತ್ತೇನೆ ಎಂದರು. ಕಲಿತ ಜರ್ಮನ್ ಅಷ್ಟೂ ಕೈಕೊಟ್ಟಿತು.

ಅಲ್ಲೇ ಕೆಲಸ ಮಾಡುವ, ತುರ್ಕಿಯ ಇಜ್ಮಿರ್ ಊರಿನ ಗ್ಯುಲಾಯ್ ನನ್ನನ್ನು ಪಕ್ಕಕ್ಕೆ ಕರೆದರು. ತಡವರಿಸುತ್ತಲೇ ನಡೆದದ್ದು ಹೇಳಿದೆ, ಆ ಪದ ಬರೆಯಲು ನಾಚಿಕೆಯಾಯಿತು ಎಂದೂ ಹೇಳಿದೆ.

“ನಮ್ಮ ಕಥೆಗಳಲ್ಲೂ ಉವೇ ಅನ್ನೆ, ಮಲತಾಯಿ, ಕೆಟ್ಟವಳೇ,” ಎಂದರು. “ಆದರೆ ನಮ್ಮ ಟೀಚರ್ ಹೇಳೋರು, ಹಳೇ ತುರ್ಕಿಯಲ್ಲಿ ಓಗ್ ಅಂದರೆ ತಾಯಿ. ಓಗ್ ಇಲ್ಲದ ಮಗು ಓಕ್ಸುಜ್, ತಬ್ಬಲಿ. ಅದೇ ಓಗ್‌ನಿಂದ ಓಗೇಯ್, ತಾಯಿಯಂಥವಳು. ಕಜಾಕರು ಇವತ್ತಿಗೂ ಹಾಗೇ ಅಂತಾರೆ. ನಮ್ಮಲ್ಲಿ ಸವೆದು ಉವೇ ಆಯ್ತು. ಮಲತಂದೆಗೂ ಉವೇನೇ. ಅವನ ಹೆಸರಲ್ಲೂ ತಾಯಿ ಕೂತಿದಾಳೆ ನೋಡಿ.”

ನಗುವ ಹೊತ್ತಲ್ಲ, ಆದರೂ ನಗು ಬಂತು. ಅಷ್ಟರಲ್ಲಿ ಮೇಲ್ವಿಚಾರಕಿ ಮಾನ್ಸಿಯನ್ನೇ ಕರೆದು, ಇವರು ಯಾರು ಎಂದು ಕೇಳಿದರು. ಅವಳು ನನ್ನ ಮುಖ ನೋಡಿ, ಹೇಳಿಕೊಟ್ಟ ಪಾಠ ಒಪ್ಪಿಸಿದಳು.

“ಟಾಂಟೆ.”

ನನ್ನ ಮೇಲೆ ನನಗೇ ಸಿಟ್ಟು ಬಂತು. “ಅಲ್ಲ, ನಾನು ಇವಳ ಸ್ಟೀಫ್‌ಮುಟ್ಟರ್,” ಎಂದೆ, ಮಗುವಿನ ಎದುರೇ. ಗಂಡನ ಹೆಸರಿದ್ದ ಪಾಸ್‌ಪೋರ್ಟ್ ತೋರಿಸಿದೆ, ಟಾಂಟೆ ಹೊಡೆದುಹಾಕಿ ಸರಿಯಾದದ್ದು ಬರೆದು ಸಹಿ ಮಾಡಿದೆ. ಐದಕ್ಕೆ ಎರಡು ನಿಮಿಷ ಇರುವಾಗ ಮಗುವನ್ನು ಕಳಿಸಿಕೊಟ್ಟರು.

ಬಸ್ ಸ್ಟಾಪಿನಲ್ಲಿ ಮಾನ್ಸಿ, “ಇನ್ಮೇಲೆ ಸ್ಕೂಲಲ್ಲಿ ಸುಳ್ಳು ಹೇಳೋದು ಬೇಡ್ವಾ?” ಎಂದಳು.

ಬೇಡ ಎಂದೆ.

“ಮನೇಲಿ ಚಿಕ್ಕಮ್ಮ ಅನ್ನೋದು?”

ಅವಳ ಬ್ಯಾಗನ್ನು ನನ್ನ ಹೆಗಲಿಗೆ ಹಾಕಿಕೊಂಡು, ಅದು ಸುಳ್ಳಲ್ಲ, ತುಮಕೂರಿನ ಮಾತು ಎಂದೆ.