ಸಪೋಟ ಜ್ಯೂಸಿಗೂ ಲ್ಯಾಕ್ಟೋಮೀಟರ್

ಉರಿಗಾಂನ ನಮ್ಮ ಮನೆಗೆ ಹೊಸದಾಗಿ ಮಿಕ್ಸಿ ಬಂದ ವಾರ. ಅಂದು ಹಾಲು ಹಾಕುವ ಮುನಿಯಮ್ಮನ ಎದುರೇ ಲ್ಯಾಕ್ಟೋಮೀಟರನ್ನು ಹಾಲಿಗೆ ಇಳಿಬಿಟ್ಟು, ಕ್ಯಾಲೆಂಡರಿನಲ್ಲಿ ಎಂದಿನಂತೆ 'ನೀರು' ಎಂದು ಗುರುತು ಹಾಕಿದೆ. "ಬಿ.ಎಸ್ಸಿ. ಓದಿದವಳು ನಾನು. ನಾಳೆಯೂ ನೀರು ಬೆರೆಸಿದ್ದರೆ ಬೇರೆ ಕಡೆ ಹಾಲು ತಗೋತೀನಿ" ಎಂದೆ.

ಅವಳು ಬಾಗಿಲಲ್ಲೇ ಕುಳಿತು ಮಿಕ್ಸಿ ನೋಡತೊಡಗಿದಳು. ಸಪೋಟ, ಸಕ್ಕರೆ, ಅವಳದೇ ಹಾಲು ಹಾಕಿ ತಿರುಗಿಸಿದೆ. ತೀರಾ ಗಟ್ಟಿಯಾಗಿ ಮಿಕ್ಸಿ ನಿಂತುಬಿಟ್ಟಿತು. ಒಂದು ಲೋಟ ನೀರು ಸುರಿದ ಮೇಲೆ ಸಲೀಸಾಗಿ ತಿರುಗಿತು.

ಅವಳಿಗೂ ಒಂದು ಲೋಟ ಕೊಟ್ಟೆ. ಕುಡಿದು, ಸೆರಗಿನಲ್ಲಿ ಬಾಯೊರೆಸಿಕೊಂಡು, "ಚೆನ್ನಾಗೈತಮ್ಮ. ಆ ಗಾಜಿನ ಕಡ್ಡಿ ಇದ್ರೊಳಕ್ಕೂ ಒಂದ್ಸಲ ಬಿಟ್ಟು ನೋಡಮ್ಮ" ಅಂದಳು.

ಮರುದಿನವೂ ಹಾಲು ಅವಳದೇ. ಲ್ಯಾಕ್ಟೋಮೀಟರನ್ನು ಮಾತ್ರ ಅವಳು ಆಚೆ ಬೀದಿಗೆ ತಿರುಗಿದ ಮೇಲೆ ಹಾಲಿಗೆ ಇಳಿಬಿಟ್ಟೆ.