ಟ್ರಾಮ್ ನಡೆಸುವ ವಾಹಿದಾ

ವಾಹಿದಾಳ ತಂದೆ ಹುಸೇನಪೀರ ಮಾನ್ವಿ ಊರಿನವರು. ಹಣ್ಣಿನ ವ್ಯಾಪಾರಕ್ಕೆಂದು ರಾಯಚೂರಿಗೆ ಬಂದವರು ಮಾರುಕಟ್ಟೆಯ ಹಿಂದಿನ ಓಣಿಯಲ್ಲೇ ನೆಲೆಸಿದರು. ಮಗಳಿಗೆ ಕ್ಯಾಮೆರಾದ ಹುಚ್ಚು ಹಿಡಿಸಿದ್ದು ದೇವದುರ್ಗದಲ್ಲಿ ಸ್ಟುಡಿಯೋ ಇಟ್ಟಿದ್ದ ಮಾರೆಪ್ಪ. ಅವಳ ಸೋದರತ್ತೆಯ ಮಗಳ ಮದುವೆಗೆ ಫೋಟೋ ತೆಗೆಯಲು ಬಂದಿದ್ದ ಅವರು, ಹೆಂಗಸರ ಕೋಣೆಯೊಳಗೆ ತಾವು ಕಾಲಿಡುವಂತಿಲ್ಲವೆಂದು ಕ್ಯಾಮೆರಾವನ್ನು ಕಾಲೇಜು ಹುಡುಗಿ ವಾಹಿದಾಳ ಕೈಗಿತ್ತರು. ಅವಳು ತೆಗೆದದ್ದನ್ನು ನೋಡಿ, ರಜೆಯಲ್ಲಿ ಬಂದು ಕೆಲಸ ಕಲಿ ಎಂದರು.

ಅಲ್ಲಿಂದ ಹೈದರಾಬಾದಿನ ಪತ್ರಿಕೆ, ಆಮೇಲೆ ವಿದೇಶಿ ಸುದ್ದಿಸಂಸ್ಥೆ, ಕೊನೆಗೆ ಯುದ್ಧಭೂಮಿ. ಮನೆಗೆ ಬಂದಾಗಲೆಲ್ಲ ತಾಯಿ ಸುಗ್ರಾ ಬೇಗಂ ಮಗಳ ಮೈ ಕೈ ಮುಟ್ಟಿ ನೋಡಿಯೇ ಊಟಕ್ಕೆ ಬಡಿಸುತ್ತಿದ್ದರು.

ಮೋಸುಲ್ ನಗರದ ಬೀದಿಯೊಂದರಲ್ಲಿ ಒಂದು ದಿನ ಶೆಲ್ ಬಿತ್ತು. ಜೊತೆಗಿದ್ದ ದುಭಾಷಿ ಸಲ್ವಾನ್ ಅವಳನ್ನು ಗೋಡೆಯ ಮರೆಗೆ ನೂಕಿದ, ತಾನು ಉಳಿಯಲಿಲ್ಲ. ಕಾಲಿಗೆ ಚೂರು ಹೊಕ್ಕಿದ್ದ ವಾಹಿದಾಳನ್ನು ಚಿಕಿತ್ಸೆಗೆ ಜರ್ಮನಿಯ ಲೈಪ್ಜಿಗ್‌ಗೆ ಒಯ್ದರು. ಕಾಲು ವಾಸಿಯಾಯಿತು. ಕ್ಯಾಮೆರಾ ಕಣ್ಣಿಗೆ ಹಿಡಿದರೆ ಮಾತ್ರ ಕೈ ನಡುಗಿ ಉಸಿರು ಕಟ್ಟುತ್ತಿತ್ತು.

ಆಸ್ಪತ್ರೆಯ ಕಿಟಕಿಯ ಕೆಳಗೇ ಟ್ರಾಮ್ ನಿಲ್ದಾಣ. ಮಂದಿ ಹತ್ತುವುದು, ಇಳಿಯುವುದು, ಚೀಲ ಹಿಡಿದು ಮನೆಗೆ ಹೋಗುವುದು. ಅದನ್ನೇ ನೋಡುತ್ತ ಕೂರುತ್ತಿದ್ದಳು. ಚಾಲಕರು ಬೇಕು, ತರಬೇತಿ ನಾವೇ ಕೊಡುತ್ತೇವೆ ಎಂಬ ಜಾಹೀರಾತನ್ನು ಕಂಡದ್ದೂ ಅಲ್ಲಿಯೇ. ನಾಚುತ್ತಲೇ ತಂದೆಗೆ ಫೋನ್ ಮಾಡಿದಳು.

"ನಿನ್ನ ಕೈ ಯಾವ ಕೆಲಸದಾಗ ನಡುಗಂಗಿಲ್ಲೋ ಅದನ್ನ ಹಿಡಿ ಬೇಟಾ," ಎಂದರು ಹುಸೇನಪೀರ.

ಜರ್ಮನ್ ಭಾಷೆ ಬೆವರಿಳಿಸಿತು. ಮೊದಲ ಪರೀಕ್ಷೆಯಲ್ಲಿ ಫೇಲಾದಳು. ತರಬೇತಿ ಕೊಡುತ್ತಿದ್ದ ಹಿರಿಯ ಹೆಂಗಸು ರಜಾದಿನಗಳಲ್ಲಿ ಅವಳನ್ನು ಮನೆಗೆ ಕರೆದು ಪಾಠ ಹೇಳಿಕೊಟ್ಟಳು, ಒಂದು ಪೈಸೆಯನ್ನೂ ಮುಟ್ಟಲಿಲ್ಲ. ಎರಡನೆಯ ಸಲ ಪಾಸಾಗಿ ವಾಹಿದಾ ಚಾಲಕಿಯಾದಳು.

ಹೋದ ಚಳಿಗಾಲದಲ್ಲಿ ಊರಿಗೆ ಬಂದವಳು ಅಳುಕುತ್ತಲೇ ದೇವದುರ್ಗದ ಬಸ್ಸು ಹತ್ತಿದಳು. ಕಲಿಸಿದ ಗುರುವಿಗೆ ಕ್ಯಾಮೆರಾ ಬಿಟ್ಟೆ ಎಂದು ಹೇಗೆ ಹೇಳುವುದು? ಸ್ಟುಡಿಯೋದ ಗೋಡೆಯ ಮೇಲೆ ಅವಳೇ ತೆಗೆದ ಚಿತ್ರ, ಮೋಸುಲ್‌ನ ಮುರಿದ ಮನೆಯೊಂದರ ಮುಂದೆ ರೊಟ್ಟಿ ಸುಡುತ್ತಿದ್ದ ಮುದುಕಿಯದು, ಕಟ್ಟು ಹಾಕಿಸಿ ತೂಗುಬಿಟ್ಟಿದ್ದರು. ಅದಕ್ಕೆ ಬೆನ್ನು ಮಾಡಿ ಕುಳಿತು ವಾಹಿದಾ ನಡೆದದ್ದನ್ನೆಲ್ಲ ಹೇಳಿದಳು. ಮನೆಯಲ್ಲೂ ಬಾಯಿಬಿಡದ ಸಲ್ವಾನನ ಸಾವನ್ನೂ ಹೇಳಿದಳು. ಚಹಾ ತಂದ ಹಣಮಮ್ಮ, ಮಾರೆಪ್ಪನ ಹೆಂಡತಿ, ಲೋಟ ಕೆಳಗಿಟ್ಟು ಅವಳ ಪಕ್ಕದಲ್ಲೇ ಕುಳಿತುಬಿಟ್ಟರು.

ಮಾರೆಪ್ಪ ಕೇಳಿದರು: "ನಿನ್ನ ಗಾಡಿಯಾಗ ಕುಂತ ಮಂದಿ ಎಲ್ಲಾರೂ ಮನಿ ಮುಟ್ಟತಾರೇನವಾ?"

"ಮುಟ್ಟತಾರ ಕಾಕಾ."

"ಮತ್ತೇನು ಬೇಕು?"

ಎದ್ದು ಚಿತ್ರವನ್ನು ಇಳಿಸಿದರು. ಕೆಳಗೆ ವಾಹಿದಾಳ ಹೆಸರಷ್ಟೇ ಇತ್ತು. ಅದರ ಪಕ್ಕದಲ್ಲಿ, ಅಕ್ಷರಗಳನ್ನು ಅವಳಿಂದಲೇ ಕೇಳಿಕೊಂಡು, ಸಲ್ವಾನನ ಹೆಸರು ಬರೆದು ಮತ್ತೆ ಗೋಡೆಗೆ ಹಾಕಿದರು. "ಇವನು ನಮ್ಮ ಹುಡುಗಿನ್ನ ನಮಗ ಕೊಟ್ಟಾನ. ಬಂದವರಿಗೆ ಹೇಳತೀನಿ," ಎಂದರು. ವಾಹಿದಾ ಮೊದಲ ಸಲ ಆ ಚಿತ್ರದ ಕಡೆ ತಿರುಗಿ ನೋಡಿದಳು. ಅತ್ತಳು, ಹಣಮಮ್ಮ ಕೊಟ್ಟ ಚಹಾ ಕುಡಿದಳು.

ಅವಳು ಈಗ ಮತ್ತೆ ಲೈಪ್ಜಿಗ್‌ನಲ್ಲಿದ್ದಾಳೆ. ಬೇಸಿಗೆಗೆ ಸುಗ್ರಾ ಬೇಗಂ ಅಲ್ಲಿಗೆ ಹೊರಟಿದ್ದಾರೆ. ಮಗಳ ಟ್ರಾಮಿನಲ್ಲಿ ಈ ತುದಿಯಿಂದ ಆ ತುದಿಗೆ ಕುಳಿತು ಹೋಗಬೇಕೆಂಬುದೊಂದೇ ಅವರ ಆಸೆ. ತಾಯಿಗೂ ಟಿಕೆಟ್ ಕೇಳುತ್ತಾರೆಯೇ ಎಂದು ಫೋನಿನಲ್ಲಿ ವಿಚಾರಿಸಿದ್ದಾರೆ. ಕೇಳುತ್ತಾರೆ ಎಂದಿದ್ದಾಳೆ ಮಗಳು.