ತಮ್ಮನ ಕಣ್ಣಿನ ನಕ್ಷೆ ನೋಡಲು ಅಹಮದಾಬಾದಿಗೆ

ಹುಬ್ಬಳ್ಳಿಯಲ್ಲಿ ರೈಲು ಹತ್ತುವಾಗ ನನ್ನ ಚೀಲದಲ್ಲಿ ಬಟ್ಟೆಗಿಂತ ಕಡಕ್ ರೊಟ್ಟಿಯೇ ಹೆಚ್ಚಿತ್ತು. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ವಡೋದರಾದಲ್ಲಿರುವ ನನ್ನ ತಮ್ಮ ಬಸು ರೈಲ್ವೆಯಲ್ಲಿ ಲೋಕೋ ಪೈಲಟ್. ಇಪ್ಪತ್ತು ವರ್ಷದಿಂದ ಗುಜರಾತಿನ ಹಳಿಗಳ ಮೇಲೆ ಎಂಜಿನ್ ಓಡಿಸಿದವನು. ಈಗ ಅವನನ್ನು ಎಂಜಿನ್ನಿನಿಂದ ಇಳಿಸಿ ಕಚೇರಿಯಲ್ಲಿ ಕೂರಿಸಿದ್ದಾರೆ. ಮೆದುಳಿನ ಬುಡದಲ್ಲಿ, ಎರಡೂ ಕಣ್ಣಿನ ನರಗಳು ಕೂಡುವ ಜಾಗದ ಕೆಳಗೆ ಅವನಿಗೆ ಒಂದು ಗಡ್ಡೆ ಬೆಳೆದಿದೆ. ಕ್ಯಾನ್ಸರ್ ಅಲ್ಲ, ಆದರೆ ನರಗಳನ್ನು ಕೆಳಗಿನಿಂದ ಒತ್ತುತ್ತಿದೆ.

ಆಪರೇಷನ್ ಆಗಲೇಬೇಕು, ಅದರಲ್ಲಿ ಅನುಮಾನವಿರಲಿಲ್ಲ. ಗಡ್ಡೆ ತೆಗೆದ ಮೇಲೆ ಹೋದ ದೃಷ್ಟಿ ಮರಳುವುದೋ ಇಲ್ಲವೋ ಎಂಬುದೇ ನಮ್ಮ ಚಿಂತೆ. ನರ ಬರೀ ಒತ್ತಿಗೆ ಸಿಕ್ಕಿದ್ದರೆ ಮರಳಬಹುದು, ಒಣಗಿ ಹೋಗಿದ್ದರೆ ಇಲ್ಲ. ಅದನ್ನು ತೋರಿಸುವ ಕಣ್ಣಿನ ಸ್ಕ್ಯಾನ್ ಅಹಮದಾಬಾದಿನಲ್ಲಿ ನಿಗದಿಯಾಗಿತ್ತು. “ನೀ ಬರೋದೇನೂ ಬ್ಯಾಡ ಅಕ್ಕ” ಎಂದು ಬಸು ಫೋನಿನಲ್ಲಿ ಹೇಳಿದ್ದ. ನಮ್ಮ ಮನೆಯಲ್ಲಿ ಹಾಗೆಂದರೆ ಬೇಗ ಬಾ ಎಂದೇ ಅರ್ಥ.

ಮರುದಿನ ಸೂರತ್‌ನಲ್ಲಿ ಡಬ್ಬಿ ತುಂಬಿತು. ನನ್ನ ಎದುರಿಗೆ ಕೂತವನು ಅಲ್ಲಿನ ವರಾಛಾ ಬಡಾವಣೆಯಲ್ಲಿ ವಜ್ರ ಪಾಲಿಶ್ ಮಾಡುವ ನಡುವಯಸ್ಸಿನ ಮನುಷ್ಯ. ಊರಿಗೆ ಹೊರಟಿದ್ದ. ನಾನ್‌ಖಟಾಯಿ ಡಬ್ಬ ತೆರೆದು ನನ್ನ ಕಡೆ ಚಾಚಿದ, ನಾನು ಅರ್ಧ ರೊಟ್ಟಿಗೆ ಚಟ್ನಿ ಸವರಿ ಕೊಟ್ಟೆ. ಅವನು ಒಂದು ತುತ್ತು ಕಚ್ಚಿ, ಕಣ್ಣಲ್ಲಿ ನೀರು ತುಂಬಿಕೊಂಡು, “ಬಹುತ್ ಅಚ್ಛಾ ಹೈ, ಬಹನ್” ಎಂದ. ಉಳಿದದ್ದನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ. ನಮ್ಮ ಖಾರ ಎಲ್ಲರ ಪಾಲಿಗಲ್ಲ. ಭರೂಚ್‌ನಲ್ಲಿ ಉಪ್ಪು ಶೇಂಗಾ ಕೊಂಡೆ. ಅದಕ್ಕೆ ತುಸು ಮುಂಚೆ ನರ್ಮದೆಯ ಸೇತುವೆ ದಾಟುವಾಗ ಪಕ್ಕದವರೆಲ್ಲ ಕೈಮುಗಿದಿದ್ದರು, ನಾನೂ ಮುಗಿದಿದ್ದೆ. ಬೇಡಿಕೊಳ್ಳುವುದಕ್ಕೆ ನನ್ನಲ್ಲಿ ಆಗ ಒಂದೇ ವಿಷಯವಿತ್ತು.

ವಡೋದರಾ ಪ್ಲಾಟ್‌ಫಾರ್ಮಿನಲ್ಲಿ ಬಸು ನನ್ನನ್ನು ಹುಡುಕುತ್ತಿದ್ದ. ನಾನು ಅವನ ಬಲಮೊಣಕೈ ಹತ್ತಿರವೇ ನಿಂತಿದ್ದೆ. ಅವನಿಗೆ ಕಾಣಲಿಲ್ಲ. ಟಾಂಗಾ ಕುದುರೆಗೆ ಕಣ್ಣಪಟ್ಟಿ ಕಟ್ಟುತ್ತಾರಲ್ಲ, ಹಾಗೆ ಎರಡೂ ಪಕ್ಕ ಮುಚ್ಚಿಹೋಗಿತ್ತು. ಎದುರಿನದು ಮಾತ್ರ ಸ್ಪಷ್ಟ. ಫೋನಿನಲ್ಲಿ ಕೇಳಿಸಿಕೊಂಡಿದ್ದನ್ನು ಈಗ ಕಣ್ಣಾರೆ ಕಂಡೆ. ನಾನೇ ಅವನ ಮುಂದೆ ಬಂದು ನಿಂತೆ.

ಅವನ ಮನೆ ಫತೇಗಂಜ್‌ನ ಒಂದು ಓಣಿಯಲ್ಲಿ. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಯಿತು. ಮನೆಯಲ್ಲಿ ಅವನು ಮತ್ತು ಮಗಳು ಪಲ್ಲವಿ ಇಬ್ಬರೇ. ಪಲ್ಲವಿ ಅಲ್ಲೇ ವಿಶ್ವವಿದ್ಯಾಲಯದಲ್ಲಿ ಓದುತ್ತಾಳೆ. ಅವಳ ಕನ್ನಡ ಎರಡು ಹೆಜ್ಜೆ ನಡೆದು ಹಿಂದಿಯ ಹೆಗಲೇರುತ್ತದೆ. ರೊಟ್ಟಿ ಮುರಿಯುತ್ತಾ ಅವಳೇ ಅಪ್ಪನ ಪುರಾಣ ಬಿಚ್ಚಿದಳು. “ಅತ್ತಿ, ಪಪ್ಪಾ ಟೆಸ್ಟ್‌ನಲ್ಲಿ ಚೀಟಿಂಗ್ ಮಾಡಿದಾರೆ!”

ನಡೆದದ್ದು ಇಷ್ಟು. ಪಕ್ಕದ ನೋಟವನ್ನು ಅಳೆಯಲು ಒಂದು ಬಿಳಿ ಬೋಗುಣಿಯಂಥ ಯಂತ್ರದೊಳಗೆ ಮುಖ ಇಡಿಸುತ್ತಾರೆ. ನಡುವಿನ ಚುಕ್ಕೆ ನೋಡುತ್ತಾ ಕೂರಬೇಕು, ಅತ್ತಿತ್ತ ಬೆಳಕು ಮಿಣುಕಿದಾಗ ಕೈಯಲ್ಲಿರುವ ಗುಂಡಿ ಒತ್ತಬೇಕು. ಇನ್ನು ಎಂಜಿನ್ನಿನಲ್ಲೂ ಒಂದು ಗುಂಡಿ ಇರುತ್ತದೆ. ಚಾಲಕ ನಿಮಿಷದಷ್ಟು ಹೊತ್ತು ಏನೂ ಮಾಡದೆ ಸುಮ್ಮನಿದ್ದರೆ ಅದನ್ನು ಒತ್ತಿ, ತಾನು ಎಚ್ಚರವಾಗಿದ್ದೇನೆಂದು ತೋರಿಸಬೇಕು. ಇಲ್ಲದಿದ್ದರೆ ಬ್ರೇಕ್ ತಾನೇ ಬೀಳುತ್ತದೆ. ನಮ್ಮ ಬಸು ಆ ಬೋಗುಣಿಯೊಳಗೂ ಡ್ಯೂಟಿ ಮಾಡಿದ್ದ. ಬೆಳಕು ಕಾಣದೆ ಸ್ವಲ್ಪ ಹೊತ್ತಾದರೆ ಸಾಕು, ಗುಂಡಿ ಒತ್ತುತ್ತಿದ್ದ.

“ಕೈ ತಾನ ಒತ್ತತೈತಿ ಅಕ್ಕ, ನಾ ಏನ್ ಮಾಡ್ಲಿ?” ಎಂದ ಬಸು.

ಇಲ್ಲದ ಬೆಳಕಿಗೂ ಒತ್ತಿದ್ದರಿಂದ ಆ ವರದಿ ನಂಬುವಂತಿಲ್ಲ ಎಂದರು. ಎರಡನೆಯ ಸಲ ಬೈಸಿಕೊಂಡು ಕೂತವನು ಕಂಡದ್ದಕ್ಕೂ ಒತ್ತಲು ಹೆದರಿದ. ಆ ವರದಿ ಕಪ್ಪೋ ಕಪ್ಪು. ಒಂದು ಅತಿ ಒಳ್ಳೆಯದು, ಇನ್ನೊಂದು ಅತಿ ಕೆಟ್ಟದ್ದು. ಯಾವುದು ನಿಜ? ನಾನು ಹೊಟ್ಟೆ ತುಂಬಾ ನಕ್ಕೆ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮರುದಿನ ಬೆಳಿಗ್ಗೆ ನಾನೂ ಬಸೂನೂ ಅಹಮದಾಬಾದಿಗೆ ಹೊರಟೆವು. ಪಲ್ಲವಿಗೆ ಪರೀಕ್ಷೆ ಇತ್ತು. ಸುಮಾರು ನೂರು ಕಿಲೋಮೀಟರ್, ಎರಡು ತಾಸಿನೊಳಗಿನ ದಾರಿ. ನನಗೆ ಟಿಕೆಟ್, ಅವನಿಗೆ ಪಾಸು. ಫೆಬ್ರವರಿಯ ಬಿಸಿಲು ಇನ್ನೂ ಹಿತವಾಗಿತ್ತು, ಹೊಲಗಳಲ್ಲಿ ತಂಬಾಕು ನಿಂತಿತ್ತು. ಬಸು ಕಿಟಕಿಯ ಕಡೆ ತಿರುಗಲೇ ಇಲ್ಲ. ಮೂಗಿಗೆ ಕಾರ್ಖಾನೆಯ ಘಾಟು ಬಡಿದಾಗ ಮಾತ್ರ “ವಟ್ವಾ ಬಂತು. ಇಳಿಯೂಣು, ಚೀಲ ತಗೋ” ಎಂದು ಎದ್ದು ನಿಂತ. ಅಹಮದಾಬಾದ್ ಸ್ಟೇಷನ್ನಿಗೆ ಇನ್ನೂ ಹದಿನೈದು ನಿಮಿಷದ ದಾರಿ ಇತ್ತು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಕೋಣೆಗೆ ನನ್ನನ್ನೂ ಬಿಟ್ಟರು. ಯಂತ್ರದ ಮುಂದೆ ಗದ್ದ ಇಟ್ಟ ಕೂಡಲೇ ಬಸುವಿನ ಬಲಗೈ ಮೇಜಿನ ಕೆಳಗೆ ಏನನ್ನೋ ತಡಕಾಡಿತು. ಸ್ಕ್ಯಾನ್ ಮಾಡುವ ಹುಡುಗಿ ನಕ್ಕಳು. “ಕಾಕಾ, ಕಂಈ ದಬಾವ್‌ವಾನುಂ ನಥಿ. ಖಾಲಿ ಜೋವಾನುಂ.” ಒತ್ತುವುದೇನೂ ಇಲ್ಲ, ಬರೀ ನೋಡಿ ಅಂತ. ಇದರಲ್ಲಿ ರೋಗಿ ಏನನ್ನೂ ಹೇಳಬೇಕಿಲ್ಲ. ಕಣ್ಣಿನ ಹಿಂದಿನ ಪರದೆಯ ಪದರಗಳನ್ನು ಬೆಳಕೇ ಅಳೆದು ಬರುತ್ತದೆ. ನರದ ಎಳೆಗಳ ಪದರ ದಪ್ಪವಾಗಿದ್ದರೆ ದಪ್ಪ, ಸವೆದಿದ್ದರೆ ಸವೆತ. ಬಸು ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತ. ಒಂದು ಕಣ್ಣು, ಆಮೇಲೆ ಇನ್ನೊಂದು. ಚಹಾ ಆರುವಷ್ಟೂ ಹೊತ್ತಾಗಲಿಲ್ಲ.

ಕಾಯುವುದು ಮಾತ್ರ ಮುಗಿಯಲೊಲ್ಲದು. ಮಧ್ಯಾಹ್ನ ಡಾಕ್ಟರ್ ಒಳಗೆ ಕರೆದರು. ಕನ್ನಡಕ ಹಾಕಿದ, ಸಮಾಧಾನದ ಹೆಂಗಸು. ಪರದೆಯ ಮೇಲೆ ಎರಡೂ ಕಣ್ಣಿನ ಬಣ್ಣದ ನಕ್ಷೆ ತೆರೆದು ಹಿಂದಿಯಲ್ಲಿ ವಿವರಿಸಿದರು. ಹಸಿರಿದ್ದಲ್ಲಿ ಪದರ ಚೆನ್ನಾಗಿದೆ, ಹಳದಿ ಇದ್ದಲ್ಲಿ ತೆಳುವಾಗಿದೆ, ಕೆಂಪಿದ್ದರೆ ನರ ಒಣಗಿದೆ. “ನೀವೇ ನೋಡಿ ಹೇಳಿ” ಎಂದು ಪರದೆಯನ್ನು ಬಸುವಿನ ಕಡೆ ತಿರುಗಿಸಿದರು.

ಎಂಜಿನ್ನಿನಲ್ಲಿ ಸಿಗ್ನಲ್ ಕಂಡ ಕೂಡಲೇ ಅದರ ಬಣ್ಣವನ್ನು ಗಟ್ಟಿಯಾಗಿ ಕೂಗಬೇಕು. ಪಕ್ಕದಲ್ಲಿರುವ ಸಹಾಯಕ ಅದನ್ನೇ ಮತ್ತೆ ಕೂಗಬೇಕು. ಇಬ್ಬರೂ ಒಂದೇ ಬಣ್ಣ ಕಂಡರೆಂಬ ಖಾತರಿ ಅದು. ಬಸು ಮುಂದಕ್ಕೆ ಬಾಗಿ, ಕೈ ಚಾಚಿ, ಕೋಣೆ ಮೊಳಗುವಂತೆ ಕೂಗಿದ: “ಹಸಿರು!” ಡಾಕ್ಟರ್ ಬೆಚ್ಚಿದರು. ಪಕ್ಕದಲ್ಲಿ ಸಹಾಯಕ ಯಾರಿದ್ದಾರೆ? ನಾನೇ “ಹಸಿರು!” ಎಂದೆ. ಮೂಗಿನ ಕಡೆಯ ಅರ್ಧಕ್ಕೆ ಬೆರಳಿಟ್ಟು “ಹಳದಿ” ಎಂದ. “ಹಳದಿ” ಎಂದೆ. ಆಮೇಲೆ ಇಬ್ಬರೂ ಕೆಂಪು ಹುಡುಕಿದೆವು. ಎರಡೂ ಕಣ್ಣಿನಲ್ಲಿ ಎಲ್ಲೂ ಇರಲಿಲ್ಲ.

ನರ ಒತ್ತಿಗೆ ಸಿಕ್ಕಿದೆ, ಸತ್ತಿಲ್ಲ ಎಂದರು ಡಾಕ್ಟರ್. ತಡ ಮಾಡದೆ ಮೂಗಿನ ದಾರಿಯಿಂದ ಗಡ್ಡೆ ತೆಗೆಸಿದರೆ ಬಹಳಷ್ಟು ದೃಷ್ಟಿ ಮರಳುವ ಆಸೆ ಇಟ್ಟುಕೊಳ್ಳಬಹುದು. ಪೂರ್ತಿ ಮರಳುತ್ತದೆಂದು ಮಾತು ಕೊಡಲಾರೆ, ಮತ್ತೆ ಎಂಜಿನ್ ಹತ್ತುವ ಮಾತು ಈಗ ಬೇಡ ಎಂದೂ ಹೇಳಿದರು. ನನಗೆ ಅಷ್ಟೇ ಸಾಕಾಗಿತ್ತು. ಹೋದ ಜೀವ ಬಂದಂತಾಯಿತು. ಹೊರಗೆ ಬಂದು ಗಾಡಿಯವನ ಹತ್ತಿರ ಬಿಸಿ ದಾಲ್‌ವಡಾ ತಿಂದೆವು. ಹಸಿಮೆಣಸಿನಕಾಯಿಯನ್ನು ಬಸು ತನ್ನದೂ ತಿಂದ, ನನ್ನದೂ ತಿಂದ.

ಹಿಂದಿರುಗಲು ಮುಂಬೈ ಕಡೆಯ ಸಂಜೆಯ ಗಾಡಿ ಸಿಕ್ಕಿತು. ಬಸು ರೈಲಿನಲ್ಲಿ ಎಂದೂ ಮಲಗಿದವನಲ್ಲ. ಪ್ರಯಾಣಿಕನಾಗಿ ಕೂತರೂ ಹಳಿಯ ಸದ್ದು ಎಣಿಸುತ್ತಾ ಎಚ್ಚರ ಇರುವವನು. ಈ ಎರಡು ತಿಂಗಳಂತೂ ಹಾಸಿಗೆಯಲ್ಲೂ ನಿದ್ದೆ ಇರಲಿಲ್ಲವೆಂದು ಪಲ್ಲವಿ ಹೇಳಿದ್ದಳು. ಅಂಥವನು ಆಣಂದ್ ಬರುವ ಮೊದಲೇ ನನ್ನ ಹೆಗಲಿಗೆ ತಲೆ ಇಟ್ಟು ಗೊರಕೆ ಹೊಡೆಯತೊಡಗಿದ. ಐವತ್ತು ದಾಟಿದ ಗಂಡಸು, ಬಾಯಿ ಬೇರೆ ತೆರೆದಿತ್ತು.

ವಡೋದರಾ ಬಂತು. ನಾವು ಹಸಿದು ಬರುತ್ತೇವೆಂದು ಪಲ್ಲವಿ ಪ್ಲಾಟ್‌ಫಾರ್ಮಿನಲ್ಲಿ ಮೆಂತ್ಯದ ರೊಟ್ಟಿ ಥೇಪ್ಲಾದ ಡಬ್ಬಿ ಹಿಡಿದು ನಿಂತಿದ್ದಳು. ನಾನು ಏಳಲಿಲ್ಲ, ಫೋನ್ ಮಾಡಿದೆ.

“ಅತ್ತಿ, ಇಳೀರಿ ನಾ!”

“ನಿಮ್ಮಪ್ಪ ಮಲಗ್ಯಾನವ್ವಾ.”

“ಪಪ್ಪಾ? ಟ್ರೇನಲ್ಲಿ? ಹೋ ಹೀ ನಹೀಂ ಸಕ್ತಾ!”

ಕಿಟಕಿಯ ಗಾಜಿಗೆ ಹಣೆ ಒತ್ತಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ತುಟಿಯ ಮೇಲೆ ಬೆರಳಿಟ್ಟು, ಎಬ್ಬಿಸಬೇಡಿ ಎಂದು ತಲೆ ಅಲ್ಲಾಡಿಸಿದಳು. ಬಾಗಿಲ ಬಳಿಯ ಪ್ರಯಾಣಿಕರ ಕೈಯಿಂದ ಕೈಗೆ ದಾಟಿ ಡಬ್ಬಿ ನನ್ನ ಮಡಿಲಿಗೆ ಬಂತು. ಗಾಡಿ ಬಿಟ್ಟಿತು.

ಟಿಕೆಟ್ ನೋಡುವವನು ಬಂದಾಗ ಬೇಕೆಂದೇ ಊರು ದಾಟಿದೆನೆಂದು ಹೇಳಿ, ದಂಡ ಕಟ್ಟಿದೆ. ಅವನು ಬಸುವಿನ ಮುಖವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ, ಮೆಲ್ಲಗೆ ಚೀಟಿ ಹರಿದುಕೊಟ್ಟ. ನರ್ಮದೆ ಬಂತು, ಹೋಯಿತು. ನನ್ನ ಹೆಗಲು ಜೋಮು ಹಿಡಿದಿತ್ತು.

ಸೂರತ್‌ನಲ್ಲಿ ಚಹಾದವರ ಕೂಗಿಗೆ ಬಸು ಗಡಬಡಿಸಿ ಎದ್ದ. ಹೊರಗಿನ ಬೋರ್ಡು ಓದಿದ, ಕಣ್ಣುಜ್ಜಿ ಮತ್ತೊಮ್ಮೆ ಓದಿದ.

“ಅಕ್ಕ! ನನ್ನ ಸ್ಟೇಷನ್ ದಾಟಿ ಬಂದೀವಿ! ಯಾಕ ಎಬ್ಬಿಸ್ಲಿಲ್ಲ?”

“ಇಪ್ಪತ್ತು ವರ್ಷ ಮಂದೀನ್ನ ಮಲಗಿಸಿಕೊಂಡು ಕರಕೊಂಡು ಹೋಗೀದಿ” ಎಂದೆ. “ಇವತ್ತೊಂದಿನ ನಿನ್ನನ್ನ ನಾ ಕರಕೊಂಡು ಬಂದೆ.”